ಪರದತ್ತ ಪರಿಪಾಲನೆ

ಕನ್ನಡನಾಡಿನ ಹಳೆಯ ದಾನಶಾಸನಗಳನ್ನು ಓದಿದವರಿಗೆ ಅವುಗಳ ಕೊನೆಯಲ್ಲಿ ಮತ್ತೆ ಮತ್ತೆ ಎದುರಾಗುವ ಒಂದು ಸಂಸ್ಕೃತ ಶ್ಲೋಕದ ಪರಿಚಯವಿರುತ್ತದೆ. ಕೆರೆ ಕಟ್ಟಿಸಿದವನ, ದೇವಾಲಯಕ್ಕೆ ಭೂಮಿ ಬಿಟ್ಟವನ ಹೆಸರು, ಕುಲ, ಬಿರುದುಗಳೆಲ್ಲ ಮುಗಿದ ಮೇಲೆ ಆ ಶ್ಲೋಕ ಮುಂದೆ ಬರಲಿರುವ ಜನರನ್ನು ಕುರಿತು ಮಾತನಾಡುತ್ತದೆ. ತಾನು ಮಾಡಿದ ದಾನದಿಂದ ದೊರೆಯುವ ಪುಣ್ಯಕ್ಕಿಂತ ಪರರು ಕೊಟ್ಟದ್ದನ್ನು ಕಾಪಾಡುವುದರಿಂದ ದೊರೆಯುವ ಪುಣ್ಯ ಇಮ್ಮಡಿಯಾದುದು ಎಂಬುದು ಅದರ ಆಶಯ. ಪರದತ್ತವನ್ನು ಅಪಹರಿಸಿದವನಿಗೆ ಸ್ವದತ್ತವೂ ನಿಷ್ಫಲವಾಗುತ್ತದೆ ಎಂಬ ಎಚ್ಚರಿಕೆಯೂ ಅದರೊಡನೆ ಇದೆ.

ಮೊದಲ ನೋಟಕ್ಕೆ ಇದು ಸೋಜಿಗದ ಮಾತು. ಕೊಟ್ಟವನಿಗಿಂತ ಕಾಯ್ದವನು ಹೇಗೆ ದೊಡ್ಡವನಾದಾನು? ಆದರೆ ವಿಚಾರ ಮಾಡಿದಷ್ಟೂ ಇದರ ಅರ್ಥ ಆಳವಾಗುತ್ತದೆ. ಕಟ್ಟಿಸಿದವನಿಗೆ ಕೀರ್ತಿಯುಂಟು, ಕಲ್ಲಿನ ಮೇಲೆ ಹೆಸರುಂಟು. ಕೆರೆಯ ಹೂಳೆತ್ತಿದವನಿಗೆ, ಬಿರುಕುಬಿಟ್ಟ ಏರಿಗೆ ಮಣ್ಣು ಹೊತ್ತವನಿಗೆ ಸಾಮಾನ್ಯವಾಗಿ ಇವೆರಡೂ ಇಲ್ಲ. ಕಟ್ಟುವುದು ಒಮ್ಮೆ ಮುಗಿಯುವ ಕಾರ್ಯ. ಕಾಯುವುದು ಎಂದೂ ಮುಗಿಯದ ಕಾರ್ಯ. ಆದುದರಿಂದಲೇ ಹಿರಿಯರು ಅದರ ತೂಕವನ್ನು ಇಮ್ಮಡಿಯಾಗಿ ಎಣಿಸಿದರು.

ಈ ಮಾತನ್ನು ಮುಂಬಯಿಯಂಥ ಮಹಾನಗರದಲ್ಲಿ ನೆಲೆಸಿರುವ ಕನ್ನಡಿಗನ ಬಾಳಿಗೆ ಅನ್ವಯಿಸಿ ನೋಡಬೇಕಾಗಿದೆ. ಹುಟ್ಟೂರಿನ ದೇವಸ್ಥಾನದ ಜೀರ್ಣೋದ್ಧಾರಕ್ಕೆ ಅವನು ಶ್ರದ್ಧೆಯಿಂದ ಹಣ ಕಳುಹಿಸುತ್ತಾನೆ. ಊರ ಕೆರೆ ಬತ್ತಿತೆಂದು ಕೇಳಿ ಮರುಗುತ್ತಾನೆ. ಆದರೆ ತನ್ನ ವಸತಿಯ ಹಿಂದೆಯೇ ಹರಿಯುವ ನಾಲೆ ಕೊಳೆತು ನಾರಿದರೆ ಎದ್ದು ಕಿಟಕಿ ಮುಚ್ಚುತ್ತಾನೆ. "ಇದು ನಮ್ಮೂರಲ್ಲ, ನಾಲ್ಕು ದಿನ ಇದ್ದು ಹೋಗುವವರು" ಎಂಬ ಮಾತು ತಂದೆಯ ಬಾಯಿಂದ ಮಗನ ಬಾಯಿಗೆ ಬಂದಿದೆ. ಅಷ್ಟರಲ್ಲಿ ಆ ನಾಲ್ಕು ದಿನಗಳು ನಲವತ್ತು ವರ್ಷಗಳಾಗಿರುತ್ತವೆ. ಮೊಮ್ಮಕ್ಕಳು ಇದೇ ಊರಿನಲ್ಲಿ ಹುಟ್ಟಿರುತ್ತಾರೆ. ತನ್ನದಲ್ಲದ ನೆಲದ ಬಗ್ಗೆ ಮನುಷ್ಯನಿಗೆ ಕರ್ತವ್ಯವಿದೆಯೇ? ಇದ್ದರೆ ಅದು ದಾನವೋ, ಋಣಪರಿಹಾರವೋ? ಪ್ರಶ್ನೆ ಇಷ್ಟೇ.

ಉತ್ತರವನ್ನು ದೂರ ಹುಡುಕಬೇಕಾಗಿಲ್ಲ. ಬೆಳಗ್ಗೆ ನಲ್ಲಿ ತಿರುಗಿಸಿದರೆ ಸಾಕು. ಮುಂಬಯಿ ಮಹಾನಗರಕ್ಕೆ ನೀರು ಬರುವುದು ಏಳು ಜಲಾಶಯಗಳಿಂದ. ಅವುಗಳಲ್ಲಿ 1860ರಲ್ಲಿ ಸಿದ್ಧವಾದ ವಿಹಾರ ಮತ್ತು ಅದರ ನೆರೆಯ ತುಳಸಿ ನಗರದೊಳಗಿನ ಕಾಡಿನ ಆಸರೆಯಲ್ಲಿವೆ. ತಾನಸಾ, ಮೋಡಕಸಾಗರ, ಮೇಲಣ ವೈತರಣಾ, ನಡು ವೈತರಣಾ, ಭಾತ್ಸಾ ಇವು ದೂರದ ಬೆಟ್ಟಸಾಲುಗಳ ನಡುವೆ ಇವೆ. ನಗರಕ್ಕೆ ಬರುವ ನೀರಿನಲ್ಲಿ ಸುಮಾರು ಅರ್ಧಭಾಗ ಭಾತ್ಸಾ ಒಂದರದ್ದೇ. ಆ ಜಲಾಶಯವಿರುವ ಶಹಾಪುರ ತಾಲ್ಲೂಕಿನ ಅನೇಕ ಹಳ್ಳಿಗಳೂ ಹಾಡಿಗಳೂ ಬೇಸಿಗೆಯಲ್ಲಿ ಟ್ಯಾಂಕರಿನ ದಾರಿ ಕಾಯುತ್ತವೆ. ಅಣೆಕಟ್ಟಿನ ನೆರಳಿನಲ್ಲಿರುವ ತಾಯಿ ಕೊಡ ಹಿಡಿದು ನಿಂತಿರುವಾಗ, ಬಹುದೂರದ ನಗರದಲ್ಲಿ ದೇವರ ಅಭಿಷೇಕಕ್ಕೆ ಅದೇ ನೀರು ಯಥೇಚ್ಛವಾಗಿ ಹರಿಯುತ್ತದೆ. ಪುರಾಣದ ವೈತರಣಿಯನ್ನು ದಾಟಲು ಸತ್ತವನ ಹೆಸರಿನಲ್ಲಿ ಗೋದಾನ ಮಾಡುವುದುಂಟು. ಈ ವೈತರಣೆಯ ಋಣವನ್ನಾದರೋ ಬದುಕಿರುವಾಗಲೇ ತೀರಿಸಬೇಕು.

ಗೃಹಸ್ಥನಿಗೆ ವಿಧಿಸಲಾದ ಪಂಚಮಹಾಯಜ್ಞಗಳಲ್ಲಿ ಭೂತಯಜ್ಞವೂ ಒಂದು. ಸಕಲ ಪ್ರಾಣಿಗಳಿಗೆ ತನ್ನ ಅನ್ನದಲ್ಲಿ ಪಾಲಿಡುವುದು ಅದರ ಸ್ಥೂಲರೂಪ. ಯಾವ ಜೀವಜಾಲದ ಬಲದಿಂದ ತನ್ನ ಉಸಿರು ನಡೆಯುತ್ತಿದೆಯೋ ಅದಕ್ಕೆ ತನ್ನಿಂದ ಸಲ್ಲಬೇಕಾದುದನ್ನು ಸಲ್ಲಿಸುವುದು ಅದರ ಸೂಕ್ಷ್ಮಾರ್ಥ. ಈ ಯಜ್ಞವನ್ನು ಹುಟ್ಟೂರಿನಲ್ಲಿ ಮಾತ್ರ ಮಾಡಬೇಕೆಂದು ಯಾವ ಶಾಸ್ತ್ರವೂ ಹೇಳಿಲ್ಲ. ಎಲ್ಲಿ ಉಂಡನೋ ಅಲ್ಲಿಯೇ ಎಲೆ ತೆಗೆಯಬೇಕು.

ಹೀಗೆ ಎಲೆ ತೆಗೆಯಲು ಮುಂದಾದವರ ನಿದರ್ಶನವೊಂದು ಇದೇ ಮುಂಬಯಿಯಲ್ಲಿದೆ. ಅಕ್ಟೋಬರ್ 2015ರಲ್ಲಿ ಅಫ್ರೋಜ್ ಶಾ ಎಂಬ ತರುಣ ನ್ಯಾಯವಾದಿ, ಎಂಬತ್ತು ದಾಟಿದ ನೆರೆಯ ಹಿರಿಯರೊಬ್ಬರೊಡನೆ ವರ್ಸೋವಾ ಕಡಲತೀರಕ್ಕೆ ಇಳಿದು, ಅಲ್ಲಿ ಬಿದ್ದಿದ್ದ ಪ್ಲಾಸ್ಟಿಕ್ಕನ್ನು ಕೈಯಿಂದ ಹೆಕ್ಕತೊಡಗಿದರು. ವಾರದ ರಜೆಯ ದಿನಗಳಲ್ಲಿ ಅವರು ಬಿಡದೆ ಬಂದರು. ಕ್ರಮೇಣ ಮೀನುಗಾರರು, ವಿದ್ಯಾರ್ಥಿಗಳು, ಗೃಹಿಣಿಯರು ಜೊತೆಗೂಡಿದರು. ಲಕ್ಷಾಂತರ ಕಿಲೋ ಕಸ ಆ ಮರಳಿನಿಂದ ಮೇಲೆದ್ದಿತು. 2016ರಲ್ಲಿ ವಿಶ್ವಸಂಸ್ಥೆಯ ಪರಿಸರ ವಿಭಾಗ ಅವರನ್ನು ಗೌರವಿಸಿತು. ಅದಕ್ಕಿಂತ ದೊಡ್ಡ ಗೌರವ ಮಾರ್ಚ್ 2018ರಲ್ಲಿ ಬಂದಿತು: ಆಲಿವ್ ರಿಡ್ಲಿ ಜಾತಿಯ ಕಡಲಾಮೆಯ ಮರಿಗಳು ಆ ತೀರದ ಮರಳಿನಿಂದ ಹೊರಬಂದು ಕಡಲಿನತ್ತ ತೆವಳಿದವು. ಹಲವು ವರ್ಷಗಳಿಂದ ಅಲ್ಲಿ ಕಾಣದಿದ್ದ ದೃಶ್ಯವದು.

ಈ ಬಗೆಯ ಸ್ವಯಂಸೇವೆಗೆ ಪ್ರಾಮಾಣಿಕವಾದ ಆಕ್ಷೇಪಗಳೂ ಉಂಟು; ಅವುಗಳನ್ನು ತಳ್ಳಿಹಾಕುವುದು ಸಲ್ಲದು. ಮೊದಲನೆಯದು, ತೆರಿಗೆ ಕೊಟ್ಟವನು ಕಸವನ್ನೂ ಏಕೆ ಎತ್ತಬೇಕು ಎಂಬುದು. ಎರಡನೆಯದು, ಇಂದು ಎತ್ತಿದ ಕಸವನ್ನು ನಾಳಿನ ಉಬ್ಬರ ಮತ್ತೆ ತಂದು ಹಾಕುವುದರಿಂದ ಇದು ವ್ಯರ್ಥಶ್ರಮವೆಂಬುದು. ಮೂರನೆಯದು ಇವೆರಡಕ್ಕಿಂತ ಗಹನವಾದುದು. ಒಬ್ಬರು ಹೊಲಸು ಮಾಡುತ್ತ, ಇನ್ನೊಬ್ಬರು ಅದನ್ನು ತೊಳೆಯುತ್ತ ಹೋದರೆ, ತೊಳೆಯುವವನು ಹೊಲಸು ಮಾಡುವವನ ಪಾಪಕ್ಕೆ ಪರೋಕ್ಷ ಸಹಾಯಕನಾಗುವುದಿಲ್ಲವೇ?

ತೆರಿಗೆಯ ವಾದಕ್ಕೆ ಸಮಾಧಾನ ಸುಲಭ. ಹಣದಿಂದ ಕೆಲಸಗಾರನ ಶ್ರಮವನ್ನು ಕೊಳ್ಳಬಹುದು. ತನ್ನ ಹೊಣೆಯನ್ನು ಇನ್ನೊಬ್ಬನ ಹೆಗಲಿಗೆ ದಾಟಿಸಲಾಗದು. ಅರ್ಚಕರಿಗೆ ದಕ್ಷಿಣೆ ಕೊಟ್ಟ ಮಾತ್ರಕ್ಕೆ ಭಕ್ತನು ಕೈಮುಗಿಯುವುದನ್ನು ಬಿಡುವುದಿಲ್ಲ. ವ್ಯರ್ಥಶ್ರಮದ ವಾದಕ್ಕೆ ಪ್ರತಿಯೊಂದು ಮನೆಯ ಅಂಗಳವೇ ಉತ್ತರ. ನಾಳೆ ಮತ್ತೆ ಧೂಳು ಬೀಳುವುದೆಂದು ಯಾವ ಗೃಹಿಣಿಯೂ ಇಂದು ಸಾರಿಸಿ ರಂಗವಲ್ಲಿ ಇಡುವುದನ್ನು ನಿಲ್ಲಿಸಿಲ್ಲ. ಫಲದ ಮೇಲೆ ಕಣ್ಣಿಡದೆ ಕರ್ಮವನ್ನು ಮಾಡಬೇಕೆಂಬ ಗೀತೆಯ ಬೋಧೆಗೆ ಇದಕ್ಕಿಂತ ಸರಳವಾದ ಅಭ್ಯಾಸ ಬೇರೊಂದಿಲ್ಲ.

ಮೂರನೆಯ ಆಕ್ಷೇಪದಲ್ಲಿ ಮಾತ್ರ ಸತ್ಯಾಂಶವಿದೆ. ವರ್ಸೋವಾದ ಕಾರ್ಯವೂ ನವೆಂಬರ್ 2017ರಲ್ಲಿ ಕೆಲಕಾಲ ನಿಂತುಹೋಯಿತು. ಹೆಕ್ಕಿ ರಾಶಿಹಾಕಿದ ಕಸ ಸಕಾಲದಲ್ಲಿ ಸಾಗದೆ ಉಳಿದುದೂ, ಸ್ವಯಂಸೇವಕರಿಗೆ ಕಿರುಕುಳವಾದುದೂ ಅದಕ್ಕೆ ಕಾರಣ. ಆ ನಿಲುಗಡೆ ಸುದ್ದಿಯಾಗಿ, ಆಡಳಿತದಿಂದ ಭರವಸೆ ದೊರೆತ ಬಳಿಕ ಕೆಲಸ ಮುಂದುವರಿಯಿತು. ಇದರಿಂದ ತಿಳಿಯುವುದೇನು? ಸೇವೆಯೆಂದರೆ ಬಾಯಿ ಮುಚ್ಚಿಕೊಂಡು ಗುಡಿಸುವುದಲ್ಲ. ಹೊಣೆಗಾರರನ್ನು ಅವರ ಹೊಣೆಗೆ ಎಚ್ಚರಿಸುವುದೂ ಸೇವೆಯ ಅಂಗವೇ ಆಗಿದೆ. ಪೊರಕೆ ಹಿಡಿದವನ ಪ್ರಶ್ನೆಗೆ ಇರುವ ನೈತಿಕ ಬಲ, ಕಿಟಕಿಯಿಂದ ಕೂಗುವವನ ಪ್ರಶ್ನೆಗೆ ಇರುವುದಿಲ್ಲ.

ಪೊರಕೆ ಹಿಡಿಯಲಾಗದ ವೃದ್ಧರೂ ಈ ಯಜ್ಞಕ್ಕೆ ಹೊರಗಲ್ಲ. ಮಹಾರಾಷ್ಟ್ರದ ನಗರಗಳಲ್ಲಿ ಮರಗಳ ರಕ್ಷಣೆಗೆಂದೇ 1975ರಲ್ಲಿ ರಚಿತವಾದ ಕಾಯಿದೆಯಿದೆ. ಮರ ಕಡಿಯುವ ಮುನ್ನ ಸಾರ್ವಜನಿಕ ಸೂಚನೆ ಹೊರಡಿಸಿ, ನಾಗರಿಕರ ಆಕ್ಷೇಪಣೆಗಳನ್ನು ಆಲಿಸುವ ಕ್ರಮವೂ ಅದರಲ್ಲಿ ಸೇರಿದೆ. ಮರದ ಕಾಂಡಕ್ಕೆ ಅಂಟಿಸಿದ ಆ ಕಾಗದವನ್ನು ನಿಂತು ಓದುವವರು ವಿರಳ. ಸಂಜೆಯ ವಾಯುವಿಹಾರಕ್ಕೆ ಹೋದ ನಿವೃತ್ತರೊಬ್ಬರು ಅದನ್ನು ಓದಿ, ಕಾರಣ ಕೇಳಿ ನಾಲ್ಕು ಸಾಲಿನ ಆಕ್ಷೇಪಣೆ ಬರೆದರೆ ಅದೂ ಪೂಜೆಯೇ.

ಭಕ್ತಿಯ ಕ್ಷೇತ್ರದಲ್ಲಿಯೂ ಈ ವಿವೇಕ ಬೇಕು. ಗಣೇಶನ ಅಥವಾ ದುರ್ಗೆಯ ವಿಸರ್ಜನೆಯ ಮರುದಿನ ಬೆಳಗ್ಗೆ ಜುಹೂ ಅಥವಾ ದಾದರದ ಕಡಲತೀರಕ್ಕೆ ಹೋದವರು ಕರಗದ ಮೂರ್ತಿಗಳ ತುಂಡಾದ ಕೈಕಾಲುಗಳನ್ನು ಮರಳಿನಲ್ಲಿ ಕಂಡಿದ್ದಾರೆ. ಹಿಂದಿನ ದಿನ ಆರತಿ ಬೆಳಗಿದ ಮುಖವೇ ಅಲ್ಲಿ ಅನಾಥವಾಗಿ ಬಿದ್ದಿರುತ್ತದೆ. ಆ ಬೆಳಗಿನಲ್ಲಿ ಬಂದು ಆ ಭಗ್ನಾವಶೇಷಗಳನ್ನು ಗೌರವದಿಂದ ಆಯ್ದಿಡುವ ತರುಣ ತರುಣಿಯರಲ್ಲಿ ದೇವರನ್ನು ನಂಬದವರೂ ಇರಬಹುದು. ಆದರೂ ಆ ಗಳಿಗೆಯಲ್ಲಿ ನಿಜವಾದ ಉತ್ತರಪೂಜೆ ಮಾಡಿದವರು ಯಾರು? ನೀರಿನಲ್ಲಿ ಕರಗುವ ಮಣ್ಣಿನ ಮೂರ್ತಿಯನ್ನು ಆರಿಸಿಕೊಳ್ಳುವುದರಿಂದ ಭಕ್ತಿಗೆ ಕುಂದಿಲ್ಲ; ಮಣ್ಣಿನಿಂದ ಬಂದುದು ಮಣ್ಣಿಗೆ ಸೇರಬೇಕೆಂಬುದೇ ವಿಸರ್ಜನೆಯ ತತ್ತ್ವ.

ವಿಜಯದಶಮಿಯ ಎಲೆಯಾದರೂ ಅಷ್ಟೇ. ಕರ್ನಾಟಕದಲ್ಲಿ ಬನ್ನಿಯ ಎಲೆಯನ್ನು ಬಂಗಾರವೆಂದು ಹಂಚುವಂತೆ ಮಹಾರಾಷ್ಟ್ರದಲ್ಲಿ ಆಪಟಾ ಮರದ ಸೀಳೆಲೆಯನ್ನು ಬಂಗಾರವೆಂದು ಹಂಚುತ್ತಾರೆ. ಮಹಾನಗರದ ಪೇಟೆಗೆ ಅದು ಕೊಂಬೆಕೊಂಬೆಯಾಗಿ ಬರುತ್ತದೆ. ಸಂಜೆ ಬಂಗಾರವಾದುದು ಮರುದಿನ ಬೀದಿಯ ಕಸವಾಗುತ್ತದೆ. ಬನ್ನಿಯ ಕಥೆಯಲ್ಲಿಯೇ ಇದಕ್ಕೆ ಉತ್ತರವಿದೆ. ಅಜ್ಞಾತವಾಸಕ್ಕೆ ಹೊರಟ ಪಾಂಡವರು ತಮ್ಮ ಆಯುಧಗಳನ್ನು ಶಮೀವೃಕ್ಷದ ವಶಕ್ಕೆ ಒಪ್ಪಿಸಿದರು. ಆ ಮರ ಒಂದು ಸಂವತ್ಸರ ಅವನ್ನು ಕಾಯ್ದು, ಒಂದೂ ಕುಂದದಂತೆ ಹಿಂದಿರುಗಿಸಿತು. ಪರದತ್ತ ಪರಿಪಾಲನೆಗೆ ಮರವೇ ಮೊದಲ ಗುರು. ಮನುಷ್ಯನ ಸೊತ್ತನ್ನು ಕಾಯ್ದ ಮರವನ್ನು ಕಾಯುವ ಸರದಿ ಈಗ ಮನುಷ್ಯನದು. ಒಂದು ಕೊಂಬೆಯ ಬದಲು ಒಂದು ಎಲೆ ಸಾಕು. ಸಂಘದ ವತಿಯಿಂದ ವರ್ಷಕ್ಕೊಂದು ಸಸಿ ನೆಟ್ಟು, ಅದು ಬೇರೂರುವವರೆಗೆ ನೀರೆರೆದರೆ ಇನ್ನೂ ಲೇಸು.

ಪರಸ್ಥಳದ ನೀರಿಗಾಗಿ ದುಡಿದ ಕನ್ನಡಿಗರ ಹಿರಿಯ ಮಾದರಿಯೂ ಕಣ್ಣಮುಂದಿದೆ. ಸೆಪ್ಟೆಂಬರ್ 1908ರಲ್ಲಿ ಮೂಸಿ ನದಿ ಉಕ್ಕಿ ಹೈದರಾಬಾದು ಸಾವಿರಾರು ಜೀವಗಳನ್ನು ಕಳೆದುಕೊಂಡಿತು. ಮರುವರ್ಷ ಆ ಸಂಸ್ಥಾನದ ಆಹ್ವಾನದ ಮೇಲೆ ಅಲ್ಲಿಗೆ ಹೋದ ಎಂ. ವಿಶ್ವೇಶ್ವರಯ್ಯನವರು ನೆರೆಯನ್ನು ತಡೆಯಲು ಮೇಲ್ಗಡೆ ಜಲಾಶಯಗಳನ್ನು ನಿರ್ಮಿಸುವ ಯೋಜನೆ ಕೊಟ್ಟರು. 1920ರ ದಶಕದಲ್ಲಿ ಉಸ್ಮಾನಸಾಗರ, ಹಿಮಾಯತಸಾಗರಗಳು ನಗರಕ್ಕೆ ರಕ್ಷೆಯೂ ಕುಡಿಯುವ ನೀರೂ ಆದವು. ಅವುಗಳ ಸುತ್ತ 10 ಕಿಲೋಮೀಟರ್ ವ್ಯಾಪ್ತಿಯಲ್ಲಿ ಮಾಲಿನ್ಯಕಾರಕ ಉದ್ದಿಮೆಗಳನ್ನು ನಿಷೇಧಿಸಿ 1996ರಲ್ಲಿ ಆದೇಶವಾಯಿತು. 2022ರಲ್ಲಿ ಆ ನಿರ್ಬಂಧಗಳನ್ನು ತೆಗೆಯುವ ಆದೇಶ ಹೊರಟಿತು. ಈ ನಡುವೆ ಆ ನೀರಿಗಾಗಿ ನ್ಯಾಯಾಲಯದ ಮೆಟ್ಟಿಲೇರಿದವರು ಸಾಮಾನ್ಯ ನಾಗರಿಕರು. ವಿಶ್ವೇಶ್ವರಯ್ಯನವರ ಹೆಸರು ಹೇಳಿ ಹೆಮ್ಮೆಪಡುವುದು ಸುಲಭ. ಶಾಸನದ ಶ್ಲೋಕದ ಪ್ರಕಾರ ಇಮ್ಮಡಿ ಪುಣ್ಯವಿರುವುದು ಅವರು ಬಿಟ್ಟುಹೋದುದನ್ನು ಕಾಯುವುದರಲ್ಲಿ.

ಕೊನೆಯದಾಗಿ, ಈ ದಾರಿಯಲ್ಲಿ ಒಂದು ಅಪಾಯವುಂಟು, ಅದು ಅಹಂಕಾರ. ಕಡಲತೀರದಲ್ಲಿ ಒಂದು ಗಂಟೆ ಬಾಗಿದವನು ವರ್ಷವಿಡೀ ಚರಂಡಿಯಲ್ಲಿ ಇಳಿಯುವ ಪೌರಕಾರ್ಮಿಕನನ್ನು ಮರೆತರೆ, ಕೊಳೆಗೇರಿಯವರೇ ಕೊಳೆಗೆ ಕಾರಣರೆಂದು ಬಗೆದರೆ, ಛಾಯಾಚಿತ್ರ ತೆಗೆಸಿಕೊಂಡು ಮನೆಗೆ ಬಂದು ಹಸಿಕಸ ಒಣಕಸವನ್ನು ಒಂದೇ ಡಬ್ಬಿಗೆ ಸುರಿದರೆ ಅವನ ಸೇವೆ ಉತ್ಸವವಷ್ಟೇ ಆಗುತ್ತದೆ. ಋಣ ತೀರಿಸುವವನಿಗೆ ಗರ್ವಪಡಲು ಕಾರಣವಿಲ್ಲ. ಸಾಲ ಮರಳಿಸಿದವನನ್ನು ಯಾರೂ ದಾನಿಯೆಂದು ಕರೆಯುವುದಿಲ್ಲ.

ದಶಮಿಯಂದು ಊರ ಎಲ್ಲೆಯನ್ನು ದಾಟಿ ಹೋಗಿ ಬನ್ನಿಪೂಜೆ ಮಾಡುವ ಪದ್ಧತಿಗೆ ಸೀಮೋಲ್ಲಂಘನವೆಂದು ಹೆಸರು. ಹೊಟ್ಟೆಪಾಡಿಗಾಗಿ ನಾಡಿನ ಸೀಮೆಯನ್ನು ದಾಟಿದ ಕನ್ನಡಿಗನು ಆ ವಿಧಿಯ ಅರ್ಧವನ್ನು ಆಗಲೇ ಪೂರೈಸಿದ್ದಾನೆ. ತನ್ನ ಹೊಸ್ತಿಲಿನಾಚೆ ಇರುವುದು ತನ್ನದಲ್ಲವೆಂಬ ಸೀಮೆಯೊಂದು ಉಳಿದಿದೆ. ಈ ದಸರೆಯಲ್ಲಿ ಆಯುಧಗಳ ಸಾಲಿನಲ್ಲಿ ಒಂದು ಪೊರಕೆಗೂ ಕುಂಕುಮವಿಟ್ಟು, ಮುಂದಿನ ಭಾನುವಾರ ಅದನ್ನು ಹಿಡಿದು ಆ ಸೀಮೆಯನ್ನೂ ದಾಟುವಂತಾಗಲಿ. ಜಗನ್ಮಾತೆಯು ಅದಕ್ಕೆ ಬೇಕಾದ ಬುದ್ಧಿಯನ್ನೂ ಬಲವನ್ನೂ ಎಲ್ಲರಿಗೂ ಕರುಣಿಸಲಿ.