ಬಿಗಿದ ಕೊಳವೆ ಮತ್ತು ಬಲದ ಮಿತಿ

ನಮ್ಮ ಇಚ್ಛೆಗೆ ಬಗ್ಗದ ವಸ್ತುವಿನ ಮೇಲೆ ಎಲ್ಲಿಯವರೆಗೆ ಬಲ ಪ್ರಯೋಗಿಸಬಹುದು? ಈ ನೈತಿಕ ಪ್ರಶ್ನೆಯನ್ನು ಪರೀಕ್ಷಿಸಲು ತಂಬಾಕು ಪೈಪಿನಷ್ಟು ಸಣ್ಣ ವಸ್ತು ಸಾಕು. ಮೆಡಿಟರೇನಿಯನ್ ತೀರದ ಪೊದೆಯೊಂದರ ಬೇರುಗಂಟೇ ಬ್ರೈಯರ್ ಮರ. ಫ್ರಾನ್ಸಿನ ಸೇಂಟ್ ಕ್ಲೋಡ್ ಪಟ್ಟಣದ ಕುಶಲಕರ್ಮಿಗಳು 19ನೇ ಶತಮಾನದಿಂದಲೂ ಅದರಲ್ಲಿ ಪೈಪು ಮಾಡುತ್ತ ಬಂದಿದ್ದಾರೆ. ಬಾಯಿಗಿಡುವ ಕೊಳವೆ ಬಹಳಷ್ಟು ಪೈಪುಗಳಲ್ಲಿ ಎಬೊನೈಟಿನದು, ಅಂದರೆ ಗಂಧಕ ಬೆರೆಸಿ ಕಾಯಿಸಿ ಗಟ್ಟಿಮಾಡಿದ ರಬ್ಬರು. ಅದರ ಸಪೂರ ತುದಿ ಮರದ ತೂತಿನೊಳಗೆ ಅಂಟಿಲ್ಲದೆ, ಬರೀ ಬಿಗುವಿನಿಂದ ನಿಲ್ಲಬೇಕು. ಹೊಗೆಯ ತೇವ ಹೀರಿ ಮರ ಉಬ್ಬಿದಾಗ ತುದಿ ಒಳಗೇ ಕಚ್ಚಿಕೊಳ್ಳುತ್ತದೆ. ಬಿಸಿ ಆರುವ ಮೊದಲೇ ತಿರುಚಿ ಎಳೆದರೆ ಅದು ಮುರಿಯಬಹುದು, ಇಲ್ಲವೇ ಮರವೇ ಸೀಳಬಹುದು.

ಬಲ್ಲವರು ಮೊದಲು ಪೈಪು ಆರಿ ಒಣಗಲು ಬಿಡುತ್ತಾರೆ. ಆಮೇಲೆ ಕೊಳವೆಯನ್ನು ಮೆಲ್ಲಗೆ ತಿರುಗಿಸುತ್ತ ನೇರವಾಗಿ ಹೊರತೆಗೆದು, ತುದಿಗೆ ಪೆನ್ಸಿಲಿನ ಸೀಸವನ್ನೋ ಜೇನುಮೇಣವನ್ನೋ ಸವರುತ್ತಾರೆ. ಸ್ಯಾಂಡ್‌ಪೇಪರಿನ ಸರದಿ ಕಟ್ಟಕಡೆಯದು. ಈ ಅನುಕ್ರಮದಲ್ಲಿ ಒಂದು ವಿವೇಕವಿದೆ: ಸವರಿದ ಸೀಸವನ್ನು ಒರೆಸಿಹಾಕಬಹುದು, ಉಜ್ಜಿಹೋದ ರಬ್ಬರನ್ನು ಮರಳಿ ತುಂಬಲಾಗದು. ಮಳೆಗಾಲದಲ್ಲಿ ಉಬ್ಬಿದ ಬಾಗಿಲಿಗೆ ಕೀಸುಳಿ ಹಾಕಿದವರು ಬೇಸಿಗೆಯಲ್ಲಿ ಸಂದು ನೋಡಬೇಕಾಗುತ್ತದೆ. ತೇವದ ಅಳತೆಗೆ ಉಜ್ಜಿದ ಕೊಳವೆಯೂ ಮರ ಒಣಗಿದಾಗ ಸಡಿಲವಾಗುತ್ತದೆ. ತಾತ್ಕಾಲಿಕ ಸ್ಥಿತಿಯನ್ನೇ ಸ್ವಭಾವವೆಂದು ತಿಳಿದು, ಅದಕ್ಕೆ ಶಾಶ್ವತ ಚಿಕಿತ್ಸೆ ಮಾಡುವುದೇ ಇಲ್ಲಿನ ತಪ್ಪು.

ಕಾಯುವುದು ಸೋಮಾರಿತನಕ್ಕೆ ಕೊಟ್ಟ ಚೆಂದದ ಹೆಸರಲ್ಲವೇ ಎಂದು ಯಾರಾದರೂ ಕೇಳಬಹುದು. ಕೆಲವು ತುದಿಗಳು ತಯಾರಾಗುವಾಗಲೇ ದಪ್ಪವಿರುತ್ತವೆ, ಎಷ್ಟು ಕಾದರೂ ಸರಿಹೋಗುವುದಿಲ್ಲ. ನಿಜ. ಆದರೆ ಅದು ಗೊತ್ತಾಗುವುದೂ ಪೂರ್ತಿ ಒಣಗಿಸಿ ನೋಡಿದ ಮೇಲೆಯೇ. ಒಣಗಿದ ಮೇಲೂ ಬಿಗಿಯಾಗಿದ್ದರೆ ಉಜ್ಜುವುದೇ ಸರಿ; ಆಗಲೂ ಅತಿ ನಯವಾದ ಕಾಗದದಿಂದ ಒಂದೆರಡು ಸುತ್ತು ಉಜ್ಜಿ, ಪ್ರತಿ ಸಲ ಕೂರಿಸಿ ನೋಡಬೇಕು. ಇಲ್ಲಿ ತಾಳ್ಮೆಯೆಂದರೆ ಕಾರಣವನ್ನು ಹುಡುಕುವ ಕೆಲಸ. ಇನ್ನೊಂದು ಆಕ್ಷೇಪ ಇದಕ್ಕಿಂತ ತೂಕದ್ದು: ನೋವರಿಯದ ಮರದ ತುಂಡಿನ ವಿಷಯದಲ್ಲಿ ನೀತಿಯ ಮಾತೇಕೆ? ಕಟ್ಟುತ್ತ ಕಟ್ಟುತ್ತ ಕಟ್ಟಡದ ಕೆಲಸ ಬರುವಂತೆ, ನ್ಯಾಯವಾಗಿ ನಡೆಯುತ್ತ ನಡೆಯುತ್ತ ಮನುಷ್ಯ ನ್ಯಾಯವಂತನಾಗುತ್ತಾನೆ ಎಂದು ಅರಿಸ್ಟಾಟಲ್ ವಾದಿಸಿದ. ಗುಣ ರೂಢಿಯಿಂದ ಬರುವುದಾದರೆ, ವಸ್ತುಗಳೊಡನೆ ದಿನವೂ ನಡೆಸುವ ವ್ಯವಹಾರ ಆ ರೂಢಿಯ ದೊಡ್ಡ ಪಾಲು. ತಡೆ ಎದುರಾದ ಕೂಡಲೇ ಬಲ ಹಾಕುವ ಕೈಗೆ ಮನುಷ್ಯರ ಮುಂದೆ ಮಾತ್ರ ಥಟ್ಟನೆ ಸಂಯಮ ಬಂದೀತೆಂದು ನಂಬುವುದು ಕಷ್ಟ. ಆದ್ದರಿಂದ ಹಿಂತೆಗೆದುಕೊಳ್ಳಲಾಗದ ಕ್ರಮಕ್ಕೆ ಕೈಹಾಕುವ ಮುನ್ನ, ಹಿಂತೆಗೆದುಕೊಳ್ಳಬಹುದಾದ ಕ್ರಮಗಳನ್ನೆಲ್ಲ ಪ್ರಾಮಾಣಿಕವಾಗಿ ಮಾಡಿ ನೋಡೋಣ. ವಸ್ತುಗಳ ವಿಷಯದಲ್ಲಿ ಇದು ಜಾಣತನ. ಮನುಷ್ಯರ ವಿಷಯದಲ್ಲಿ ಇದನ್ನು ಕರ್ತವ್ಯವೆಂದೇ ತಿಳಿಯಬೇಕು.