ಕೇಳದೇ ಸೇರಿಸಿಕೊಂಡ ಸಂಘ

ಸಂಬಳದ ಸ್ಲಿಪ್ ಬಂದಾಗ ನಾವೆಲ್ಲ ಮೊದಲು ನೋಡೋದು ಕೊನೆಯ ಸಾಲನ್ನ. ಮಧ್ಯದಲ್ಲಿ ಪಿಎಫ್, ಟಿಡಿಎಸ್, ಪ್ರೊಫೆಷನಲ್ ಟ್ಯಾಕ್ಸ್ ಅಂತ ಏನೇನೋ ಕಡಿತ ಇರ್ತವೆ. ವರ್ಷಕ್ಕೊಮ್ಮೆ ಫಾರ್ಮ್ 16 ಬಂದಾಗ ಒಂದಿಷ್ಟು ಗೊಣಗಿ ಸುಮ್ಮನಾಗ್ತೀವಿ. ಈಗ ಬೆಂಗಳೂರಿನಿಂದ ವಿಯೆನ್ನಾಕ್ಕೋ ಗ್ರಾತ್ಸ್‌ಗೋ ಹೋಗಿ ಕೆಲಸಕ್ಕೆ ಸೇರಿದ ಒಬ್ಬ ಇಂಜಿನಿಯರನ್ನು ಊಹಿಸಿಕೊಳ್ಳಿ. ಅಲ್ಲಿನ ಸಾಮಾಜಿಕ ವಿಮೆಯ ಕಡಿತದ ಜೊತೆಗೇ ಇನ್ನೊಂದು ಸಣ್ಣ ಮೊತ್ತ ಸದ್ದಿಲ್ಲದೆ ಹೋಗ್ತಿರ್ತದೆ. ಒಟ್ಟು ಸಂಬಳದ 0.5%. ತಿಂಗಳಿಗೆ 3000 ಯೂರೋ ಸಂಬಳ ಇದ್ದರೆ 15 ಯೂರೋ.

ಆ ದುಡ್ಡು ಹೋಗೋದು ಆರ್ಬೈಟರ್‌ಕಾಮರ್ ಎಂಬ ಸಂಸ್ಥೆಗೆ. ಕನ್ನಡದಲ್ಲಿ ಕಾರ್ಮಿಕರ ಚೇಂಬರ್ ಅನ್ನೋಣ. ವ್ಯಾಪಾರಿಗಳಿಗೆ ಚೇಂಬರ್ ಆಫ್ ಕಾಮರ್ಸ್ ಇರೋದು ನಮಗೆ ಗೊತ್ತು, ಬೆಂಗಳೂರಿನ ಕೆಂಪೇಗೌಡ ರಸ್ತೆಯಲ್ಲಿ ಅದರ ಬೋರ್ಡನ್ನೂ ನೋಡಿದ್ದೀವಿ. ಸಂಬಳಕ್ಕೆ ದುಡಿಯೋರಿಗೂ ಅಂಥದ್ದೇ ಒಂದು, ಅದೂ ಕಾಯ್ದೆಯಿಂದಲೇ ಹುಟ್ಟಿದ್ದು, ಆಸ್ಟ್ರಿಯಾದಲ್ಲಿದೆ. 9 ರಾಜ್ಯಗಳಿಗೆ ಒಂದೊಂದರಂತೆ 9 ಚೇಂಬರ್‌ಗಳು. ಸದಸ್ಯರು 40 ಲಕ್ಷದ ಹತ್ತಿರ. ಈ ದೊಡ್ಡ ಸಂಖ್ಯೆಗೆ ಕಾರಣ ಸರಳ: ಸೇರ್ತೀರಾ ಅಂತ ಯಾರೂ ಕೇಳೋದಿಲ್ಲ. ಕೆಲಸಕ್ಕೆ ಸೇರಿದಿರಿ ಅಂದರೆ ಸದಸ್ಯರಾದಿರಿ. ನನಗೆ ಬೇಡ, ಬಿಡ್ತೀನಿ ಅಂದರೆ ಬಿಡೋದಕ್ಕೂ ಬರೋದಿಲ್ಲ.

ಇದನ್ನು ಮೊದಲ ಸಲ ಓದಿದಾಗ ನನಗೆ ಬಂದ ಮಾತು ಬಹುಶಃ ನಿಮಗೂ ಬಂದಿರಬಹುದು. ಇದೆಂಥ ಸಂಘ ಸ್ವಾಮಿ? ನನ್ನನ್ನು ಕೇಳದೆ ನನ್ನ ಪ್ರತಿನಿಧಿ ಆಗೋ ಹಕ್ಕು ಯಾರಿಗಾದರೂ ಇದೆಯಾ?

ಮೊದಲು ಇದು ಮಾಡೋ ಕೆಲಸ ಏನು ಅಂತ ನೋಡಿಬಿಡೋಣ. ಇದು ಯೂನಿಯನ್ ಅಲ್ಲ. ಯೂನಿಯನ್‌ಗಳು ಬೇರೆ ಇವೆ, ಅಲ್ಲಿ ಸದಸ್ಯತ್ವ ಅವರವರ ಇಷ್ಟ. ಸಂಬಳದ ಚೌಕಾಶಿ, ಮುಷ್ಕರ ಎಲ್ಲ ಅವರದ್ದು. ಚೇಂಬರ್ ಕೊಡೋದು ಕಾನೂನಿನ ಬಲ. ಓವರ್‌ಟೈಮ್ ಕೊಟ್ಟಿಲ್ಲ, ಕೆಲಸ ಬಿಟ್ಟಾಗ ಬಾಕಿ ಚುಕ್ತಾ ಮಾಡಿಲ್ಲ ಅಂತ ಹೋದರೆ ಉಚಿತ ಸಲಹೆ ಸಿಗ್ತದೆ. ಅಗತ್ಯ ಬಿದ್ದರೆ ಕಾರ್ಮಿಕ ನ್ಯಾಯಾಲಯದಲ್ಲಿ ಅವರದ್ದೇ ವಕೀಲರು ನಿಲ್ತಾರೆ. ಸರ್ಕಾರ ಹೊಸ ಮಸೂದೆ ತಂದಾಗ ಕರಡಿನ ಮೇಲೆ ಅಭಿಪ್ರಾಯ ಕೊಡೋ ಹಕ್ಕು ಕಾಯ್ದೆಯಲ್ಲೇ ಇದೆ. ಐದು ವರ್ಷಕ್ಕೊಮ್ಮೆ ಚುನಾವಣೆ. ಗೆದ್ದವರ ಮಹಾಸಭೆಯನ್ನು ಅಲ್ಲಿ ಕಾರ್ಮಿಕರ ಪಾರ್ಲಿಮೆಂಟ್ ಅಂತಲೂ ಕರೀತಾರೆ.

ಇದು ಹುಟ್ಟಿದ್ದು 1920ರ ಫೆಬ್ರವರಿ 26ರ ಕಾಯ್ದೆಯಿಂದ. ಯುದ್ಧ ಸೋತು, ಸಾಮ್ರಾಜ್ಯ ಒಡೆದು, ಹೊಟ್ಟೆಗಿಲ್ಲದೆ ಕೂತಿದ್ದ ಒಂದು ಸಣ್ಣ ಗಣರಾಜ್ಯ ಮಾಡಿದ ಕಾಯ್ದೆ ಅದು. ತಂದವರು ಫರ್ಡಿನಾಂಡ್ ಹಾನುಶ್, ಬಡ ನೇಕಾರರ ಮನೆಯ ಹುಡುಗ, ತಾವೂ ಮಗ್ಗದಲ್ಲಿ ದುಡಿದು ಮಂತ್ರಿಯಾದವರು. ಎರಡು ವರ್ಷ ತುಂಬುವುದರೊಳಗೆ ಎಂಟು ಗಂಟೆ ಕೆಲಸ, ಕಾರ್ಮಿಕರಿಗೆ ಸಂಬಳ ಸಹಿತ ರಜೆ, ನಿರುದ್ಯೋಗ ವಿಮೆ, ಎಲ್ಲಕ್ಕೂ ಕಾಯ್ದೆ ಮಾಡಿಸಿದರು. ಮಾಲೀಕರಿಗೆ ಹತ್ತೊಂಬತ್ತನೇ ಶತಮಾನದ ಮಧ್ಯದಿಂದಲೇ ಚೇಂಬರ್ ಇತ್ತು. ಸರ್ಕಾರ ಅವರ ಮಾತು ಕೇಳ್ತಿತ್ತು. ಹಾಗಿದ್ದ ಮೇಲೆ ಎದುರು ಬದಿಗೂ ಅಷ್ಟೇ ಗಟ್ಟಿಯಾದ ಒಂದು ಕುರ್ಚಿ ಹಾಕಿಕೊಡಿ ಅನ್ನೋದು ಹಾನುಶ್ ಅವರ ವಾದ. ಮಂತ್ರಿಗಿರಿ ಹೋದ ಮೇಲೆ ವಿಯೆನ್ನಾ ಚೇಂಬರಿನ ಕಚೇರಿಯನ್ನು ತಾವೇ ನಡೆಸಿ 1923ರಲ್ಲಿ ತೀರಿಕೊಂಡರು.

ಕಡ್ಡಾಯ ಸದಸ್ಯತ್ವವನ್ನು ಸಮರ್ಥಿಸೋರು ಸಾಮಾನ್ಯವಾಗಿ ಎರಡು ಮಾತು ಹೇಳ್ತಾರೆ. ಒಂದು, ಲಾಭ ಎಲ್ಲರಿಗೂ ಸಿಗೋದಾದರೆ ಖರ್ಚೂ ಎಲ್ಲರೂ ಹೊರಬೇಕು. ಇನ್ನೊಂದು, ಇದನ್ನು ಇನ್ಶೂರೆನ್ಸ್ ಥರ ನೋಡಿ. ಎರಡೂ ನನಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ. ಇನ್ಶೂರೆನ್ಸ್ ಕಂಪನಿ ನನ್ನ ಹೆಸರಲ್ಲಿ ರಾಜಕೀಯ ಮಾತಾಡೋದಿಲ್ಲ. ಚೇಂಬರ್ ಮಾತಾಡ್ತದೆ. ದೊಡ್ಡ ಆಸ್ತಿಗಳ ಮೇಲೆ ತೆರಿಗೆ ಹಾಕಿ ಅಂತ ಅದು ವರ್ಷಗಳಿಂದ ಹೇಳ್ತಾ ಬಂದಿದೆ. ಆ ತೆರಿಗೆ ತಪ್ಪು ಅಂತ ಪ್ರಾಮಾಣಿಕವಾಗಿ ನಂಬಿರೋ ಸದಸ್ಯನ 15 ಯೂರೋ ಕೂಡ ಆ ಪ್ರಚಾರಕ್ಕೆ ಹೋಗ್ತದೆ. ಅವನ ಕಿರಿಕಿರಿ ನಿಜವಾದದ್ದು, ಅದನ್ನು ನಕ್ಕು ತಳ್ಳಿಹಾಕೋದು ಸರಿಯಲ್ಲ.

ನನ್ನನ್ನು ಒಪ್ಪಿಸಿದ್ದು ಬೇರೆಯೇ ಒಂದು ಸಂಗತಿ. ಇಷ್ಟಪಟ್ಟು ಸೇರೋ ಸಂಘಕ್ಕೆ ಹೆಸರು ಕೊಡಬೇಕು. ಹೆಸರು ಕೊಟ್ಟ ವಿಷಯ ಇವತ್ತಲ್ಲ ನಾಳೆ ಮೇಲಿನವರ ಕಿವಿಗೆ ಬೀಳ್ತದೆ. ಒಳ್ಳೆ ಸಂಬಳದ, ಕೈಯಲ್ಲಿ ಇನ್ನೆರಡು ಆಫರ್ ಇಟ್ಟುಕೊಂಡವರಿಗೆ ಅದು ದೊಡ್ಡ ವಿಷಯವಲ್ಲ. ಆದರೆ ಹೋಟೆಲಿನ ಹಿಂಬದಿಯಲ್ಲಿ ಪಾತ್ರೆ ತೊಳೆಯೋರಿಗೆ, ರಾತ್ರಿ ಆಫೀಸು ಗುಡಿಸೋರಿಗೆ, ವೀಸಾ ಕೆಲಸಕ್ಕೇ ಅಂಟಿಕೊಂಡಿರೋರಿಗೆ? ಸಂಘದ ಅಗತ್ಯ ಅತಿ ಹೆಚ್ಚು ಇರೋರ ಹತ್ತಿರ, ಸೇರೋದಕ್ಕೆ ಬೇಕಾದ ಧೈರ್ಯ ಅತಿ ಕಡಿಮೆ ಇರ್ತದೆ. ಅವರು ಹೇಡಿಗಳು ಅಂತಲ್ಲ. ಅವರು ಸೋತರೆ ಬೀಳೋದು ತುಂಬಾ ಕೆಳಕ್ಕೆ. ಎಲ್ಲರೂ ತಾನಾಗಿಯೇ ಸದಸ್ಯರಾಗಿರೋ ಕಡೆ ಈ ಧೈರ್ಯದ ಪರೀಕ್ಷೆ ಇಲ್ಲ. ಯಾರು ಸೇರಿದರು, ಯಾರು ಸೇರಲಿಲ್ಲ ಅಂತ ಮಾಲೀಕ ಲೆಕ್ಕ ಹಾಕೋದಕ್ಕೆ ಏನೂ ಉಳಿಯೋದಿಲ್ಲ. ತೀರಾ ಕಡಿಮೆ ಗಳಿಸೋರು, ಹೆರಿಗೆ ನಂತರದ ರಜೆಯಲ್ಲಿರೋರು, ಅಪ್ರೆಂಟಿಸ್ ಹುಡುಗ ಹುಡುಗಿಯರು ಇವರೆಲ್ಲ ಸದಸ್ಯರು, ಆದರೆ ದುಡ್ಡು ಕೊಡಬೇಕಾಗಿಲ್ಲ. ಅಂದರೆ ನಮ್ಮ ಇಂಜಿನಿಯರ್ ಕೊಡೋ 15 ಯೂರೋದಲ್ಲಿ ಒಂದಿಷ್ಟು ಬೇರೆಯವರ ಧೈರ್ಯದ ಖರ್ಚು.

ಇದಕ್ಕೆ ಒಂದು ಮುಖ ಬೇಕು ಅಂದರೆ ಕೇಟೆ ಲೈಶ್ಟರ್. 1925ರಿಂದ ವಿಯೆನ್ನಾ ಚೇಂಬರಿನ ಮಹಿಳಾ ಕೆಲಸದ ವಿಭಾಗ ನಡೆಸಿದವರು. ಕಾರ್ಖಾನೆಯ ಹೆಂಗಸರಿಗೆ ಪ್ರಶ್ನಾವಳಿ ಹಂಚಿ, ಬರೀ ಕೂಲಿ ಎಷ್ಟು ಅಂತಲ್ಲ, ಮನೆಗೆಲಸ ಯಾರು ಮಾಡ್ತಾರೆ, ಎಷ್ಟು ಹೊತ್ತು ನಿದ್ದೆ, ಬಿಡುವಿನಲ್ಲಿ ಏನು ಅಂತೆಲ್ಲ ಕೇಳಿದರು. 1320 ಹೆಂಗಸರು ಉತ್ತರ ಕೊಟ್ಟರು. 1932ರಲ್ಲಿ ಅದು ಪುಸ್ತಕವಾಗಿ ಬಂತು. ಎರಡು ಪಾಳಿ, ಒಂದು ಕಾರ್ಖಾನೆಯಲ್ಲಿ ಒಂದು ಮನೆಯಲ್ಲಿ, ಅನ್ನೋದನ್ನ ನಾವು ಈಗ ಹೊಸ ವಿಷಯ ಅನ್ನೋ ಹಾಗೆ ಪ್ಯಾನೆಲ್ ಚರ್ಚೆಗಳಲ್ಲಿ ಹೇಳ್ತೀವಿ! ಆ ಹೆಂಗಸರಲ್ಲಿ ಎಷ್ಟು ಜನ ತಾವಾಗಿ ಬಂದು ಯಾವುದಾದರೂ ಸಂಘದ ಬಾಗಿಲು ತಟ್ಟುತ್ತಿದ್ದರು? ಎಲ್ಲರೂ ನಮ್ಮವರು ಅಂತ ಕಾಯ್ದೆಯೇ ಹೇಳಿದ್ದರಿಂದ ಎಲ್ಲರನ್ನೂ ಕೇಳೋ ಕೆಲಸ ಒಬ್ಬರ ನೌಕರಿಯಾಯಿತು.

1934ರಲ್ಲಿ ಸರ್ವಾಧಿಕಾರ ಬಂತು, ಚುನಾಯಿತರ ಜಾಗಕ್ಕೆ ಸರ್ಕಾರ ತನ್ನವರನ್ನು ತಂದು ಕೂರಿಸಿತು. 1938ರಲ್ಲಿ ನಾಜಿಗಳು ಬಂದು ಚೇಂಬರನ್ನೇ ಮುಚ್ಚಿದರು. ಯಹೂದಿ ಮತ್ತು ಸಮಾಜವಾದಿ ಎರಡೂ ಆಗಿದ್ದ ಲೈಶ್ಟರ್ ಅವರನ್ನು ಅದೇ ವರ್ಷ ಬಂಧಿಸಿ ಮುಂದೆ ರಾವೆನ್ಸ್‌ಬ್ರೂಕ್ ಶಿಬಿರಕ್ಕೆ ಹಾಕಿದರು. 1942ರಲ್ಲಿ ವಿಷಾನಿಲದಿಂದ ಕೊಂದರು. ಚೇಂಬರ್ ಮತ್ತೆ ಎದ್ದದ್ದು 1945ರಲ್ಲಿ.

ಸರಿ, ಹಾಗಂತ ಎಲ್ಲ ಚೆನ್ನಾಗಿದೆಯಾ? ಬಿಟ್ಟು ಹೋಗೋ ಹಾಗಿಲ್ಲದ ಸದಸ್ಯರು ಸಿಕ್ಕರೆ ಯಾವ ಸಂಸ್ಥೆಯೂ ಸ್ವಲ್ಪ ಸೋಮಾರಿಯಾಗ್ತದೆ, ಹೊಟ್ಟೆ ಬೆಳೆಸಿಕೊಳ್ತದೆ. 1990ರ ಸುಮಾರಿಗೆ ಕೆಲವು ಪದಾಧಿಕಾರಿಗಳ ಭಾರೀ ಸಂಬಳದ ಸುದ್ದಿ ಹೊರಬಿದ್ದು ಜನ ರೊಚ್ಚಿಗೆದ್ದರು. 1994ರ ಚುನಾವಣೆಯಲ್ಲಿ ಮತ ಹಾಕಿದವರು ಮೂರನೇ ಒಂದು ಭಾಗಕ್ಕಿಂತ ಕಡಿಮೆ. ಆಗ ಚೇಂಬರ್ ಒಂದು ಒಳ್ಳೆ ಕೆಲಸ ಮಾಡಿತು, ಸದಸ್ಯರನ್ನೇ ಕೇಳಿತು: ನಾವು ಇರಬೇಕಾ ಬೇಡವಾ? 1996ರ ಆ ಮತದಾನದಲ್ಲಿ ಮೂರರಲ್ಲಿ ಇಬ್ಬರು ಭಾಗವಹಿಸಿದರು, ಅವರಲ್ಲಿ ಹತ್ತಕ್ಕೆ ಒಂಬತ್ತು ಜನ ಇರಲಿ ಅಂದರು. 2008ರಲ್ಲಿ ಇಂಥ ಸ್ವಾಯತ್ತ ಸಂಸ್ಥೆಗಳಿಗೆ ಸಂವಿಧಾನದಲ್ಲೇ ಜಾಗ ಸಿಕ್ಕಿತು. 1996ರಲ್ಲಿ ತೊಟ್ಟಿಲಲ್ಲಿದ್ದ ಮಗುವಿನ ಸಂಬಳದಿಂದ ಈಗ ಕಡಿತ ಆಗ್ತಿದೆ, ಆ ಮಗುವನ್ನು ಯಾರು ಕೇಳಿದರು ಅನ್ನೋ ತಕರಾರು ಉಳಿದೇ ಉಳೀತದೆ. ಆದರೆ ದೇಶದ ಸಂವಿಧಾನಕ್ಕೂ ನಾವ್ಯಾರೂ ಸಹಿ ಹಾಕಿಲ್ಲ, ಅಲ್ವಾ?

ನನಗೆ ಇದಕ್ಕಿಂತ ದೊಡ್ಡದಾಗಿ ಕಾಣೋ ಪ್ರಶ್ನೆ ಎದ್ದದ್ದು ದೇಶದ ಪಶ್ಚಿಮ ತುದಿಯ ಫೋರಾರ್ಲ್‌ಬರ್ಗ್ ರಾಜ್ಯದ ಚೇಂಬರಿನಲ್ಲಿ. ಸ್ವಿಟ್ಜರ್ಲೆಂಡಿಗೆ ಅಂಟಿಕೊಂಡ ಪುಟ್ಟ ರಾಜ್ಯ, ಬಟ್ಟೆ ಗಿರಣಿಗಳ ನಾಡು. 1964ರಲ್ಲಿ ಟರ್ಕಿಯ ಜೊತೆಗೆ, 1966ರಲ್ಲಿ ಯುಗೊಸ್ಲಾವಿಯಾದ ಜೊತೆಗೆ ಒಪ್ಪಂದ ಮಾಡಿಕೊಂಡು ಆಸ್ಟ್ರಿಯಾ ಕೆಲಸಗಾರರನ್ನು ಕರೆಸಿಕೊಂಡಿತ್ತು. ಬಂದವರೆಲ್ಲ ಚೇಂಬರಿನ ಸದಸ್ಯರು, ಎಲ್ಲರಿಂದಲೂ ಕಡಿತ. ಮತ ಹಾಕೋ ಹಕ್ಕೂ ಇತ್ತು. ಆದರೆ ಚುನಾವಣೆಗೆ ನಿಲ್ಲೋದಕ್ಕೆ ಆಸ್ಟ್ರಿಯಾದ ಪೌರರೇ ಆಗಿರಬೇಕು.

1999ರ ಏಪ್ರಿಲ್ ಚುನಾವಣೆಗೆ ಅಲ್ಲಿ ಒಂದು ಗುಂಪು ಪಟ್ಟಿ ಸಲ್ಲಿಸಿತು. ಅದರ ಹೆಸರಿನಲ್ಲಿ ಮೂರು ಭಾಷೆಯ ಪದಗಳಿದ್ದವು: ಗೆಮೈನ್ಸಾಮ್, ಝಾಯೆಡ್ನೊ, ಬಿರ್ಲಿಕ್ಟೆ. ಜರ್ಮನ್, ಸರ್ಬೊ-ಕ್ರೊಯೇಷಿಯನ್, ಟರ್ಕಿಷ್. ಮೂರಕ್ಕೂ ಅರ್ಥ ಒಂದೇ, ಒಟ್ಟಿಗೆ. ಪಟ್ಟಿಯಲ್ಲಿ ಟರ್ಕಿಯ 5 ಪೌರರಿದ್ದರು. ಚುನಾವಣಾ ಸಮಿತಿ ಅವರ ಹೆಸರು ಹೊಡೆದು ಹಾಕಿತು. ಗುಂಪು ಮೊಕದ್ದಮೆ ಹೂಡಿತು. ವಿಷಯ ಆಸ್ಟ್ರಿಯಾದ ಸಾಂವಿಧಾನಿಕ ನ್ಯಾಯಾಲಯಕ್ಕೆ ಹೋಗಿ, ಅಲ್ಲಿಂದ ಯುರೋಪಿಯನ್ ನ್ಯಾಯಾಲಯಕ್ಕೆ ಹೋಯಿತು. ಆಸ್ಟ್ರಿಯಾ ಸರ್ಕಾರದ ವಾದ ಕೇಳಿ: ಚೇಂಬರ್ ಸಾರ್ವಜನಿಕ ಅಧಿಕಾರದಲ್ಲಿ ಪಾಲುದಾರ, ಹಾಗಾಗಿ ವಿದೇಶಿಯರನ್ನು ಹೊರಗಿಡಬಹುದು. ಕಡಿತ ಮಾಡುವಾಗ ನೀನು ನಮ್ಮವನೇ, ಕುರ್ಚಿ ಕೇಳಿದಾಗ ನೀನ್ಯಾರು! ನ್ಯಾಯಾಲಯ ಒಪ್ಪಲಿಲ್ಲ. ಸಮುದಾಯದ ಜೊತೆ ಟರ್ಕಿ ಮಾಡಿಕೊಂಡ ಒಪ್ಪಂದದಂತೆ, ಕಾನೂನುಬದ್ಧವಾಗಿ ದುಡಿಯುತ್ತಿರುವ ಟರ್ಕಿಯ ಕೆಲಸಗಾರರನ್ನು ಪೌರತ್ವದ ಕಾರಣಕ್ಕೆ ಇಂಥ ಚುನಾವಣೆಯಿಂದ ಹೊರಗಿಡುವ ಹಾಗಿಲ್ಲ ಅಂತ 2003ರ ಮೇ 8ರಂದು ತೀರ್ಪು ಕೊಟ್ಟಿತು. ಅದಕ್ಕೂ ಮೊದಲೇ, 1991ರಲ್ಲಿ, ಲಕ್ಸೆಂಬರ್ಗಿನ ಅಂಥದ್ದೇ ಚೇಂಬರಿನ ವಿಷಯದಲ್ಲಿ ಇದೇ ನ್ಯಾಯಾಲಯ ಇದೇ ದಾರಿ ಹಿಡಿದಿತ್ತು. ಅಲ್ಲಿ ವಲಸೆ ಕಾರ್ಮಿಕರ ಪರವಾದ ಒಂದು ಸಂಘ, ಮತದ ಹಕ್ಕು ಇಲ್ಲದವರ ವಂತಿಗೆಯನ್ನು ಕಟ್ಟೋದಿಲ್ಲ ಅಂತ ಕೂತುಬಿಟ್ಟಿತ್ತು.

ಆ ಐವರು ಚೇಂಬರ್ ಬೇಡ ಅನ್ನಲಿಲ್ಲ, ವಂತಿಗೆ ವಾಪಸ್ ಕೊಡಿ ಅಂತಲೂ ಕೇಳಲಿಲ್ಲ ಅನ್ನೋದನ್ನ ಗಮನಿಸಿ. ಕಡ್ಡಾಯದ ಬಗ್ಗೆ ನಾವು ಸುಖವಾಗಿ ಕೂತು ಎತ್ತೋ ತಕರಾರು ಅವರದ್ದಾಗಿರಲಿಲ್ಲ. ಕಡ್ಡಾಯವಾಗಿ ಸೇರಿಸಿಕೊಂಡಿದ್ದೀರಿ, ಸರಿ, ಪೂರ್ತಿಯಾಗಿ ಸೇರಿಸಿಕೊಳ್ಳಿ ಅಂದರು. ಕೇಳದೇ ಸೇರಿಸಿಕೊಳ್ಳೋದು ಒಂದು ಜಬರದಸ್ತಿ, ಅದನ್ನು ನಾನು ಬೇಕಾದರೆ ಸಹಿಸಬಲ್ಲೆ. ಸೇರಿಸಿಕೊಂಡು ಬಾಗಿಲ ಹತ್ತಿರವೇ ನಿಲ್ಲಿಸೋದನ್ನ ಸಹಿಸೋದು ಕಷ್ಟ.

ತೀರ್ಪು ಬರೋ ಹೊತ್ತಿಗೆ ಮುಂದಿನ ಚುನಾವಣೆಯೇ ಹತ್ತಿರ ಬಂದಿತ್ತು. ಯಾವ ದೇಶದ ಪೌರರಾದರೂ ನಿಲ್ಲಬಹುದು ಅಂತ ಕಾಯ್ದೆ ತಿದ್ದಿದ್ದು 2006ರಲ್ಲಿ. 1999ರಲ್ಲಿ ಆ ಗುಂಪಿಗೆ ಫೋರಾರ್ಲ್‌ಬರ್ಗಿನ 70 ಸ್ಥಾನಗಳಲ್ಲಿ 2 ಸಿಕ್ಕಿದ್ದವು.