ಕಲೆ ಇಲ್ಲಿ, ಸೋರಿಕೆ ಎಲ್ಲಿ?

ಕಾರ್ಯವನ್ನು ಕಂಡು ಕಾರಣವನ್ನು ಊಹಿಸುವ ‘ಅನುಮಾನ’ಕ್ಕೆ ನಮ್ಮ ತರ್ಕಶಾಸ್ತ್ರ ಕೊಡುವ ಹಳೆಯ ಉದಾಹರಣೆಗಳಲ್ಲಿ ಹೊಳೆಯದೂ ಒಂದು. ಹೊಳೆ ತುಂಬಿ ಬಂದರೆ ಮೇಲ್ಗಡೆ ಮಳೆಯಾಗಿದೆ ಎಂದು ತಿಳಿಯುತ್ತದೆ. ಸುರಪುರ ತಾಲ್ಲೂಕಿನ ತಿಂಥಣಿಯಲ್ಲಿ ಕೃಷ್ಣೆಯ ದಂಡೆಗೆ ನಿಂತವರಿಗೆ ಇದು ಬರೀ ಪುಸ್ತಕದ ಮಾತಾಗಿ ಉಳಿಯುವುದಿಲ್ಲ. ಊರಲ್ಲಿ ಒಂದು ಹನಿ ಬೀಳದ ದಿನವೂ ಹೊಳೆ ಕೆಂಪಗೆ ಏರುತ್ತದೆ. ಮಳೆ ಸುರಿದದ್ದು ದೂರದ ಮಹಾಬಳೇಶ್ವರ, ಕೊಯ್ನಾ ಕಡೆಯ ಘಟ್ಟದಲ್ಲಿ.

ಈ ಉದಾಹರಣೆಗೆ ಆ ಶಾಸ್ತ್ರದ ಮೂಲಗ್ರಂಥವಾದ ನ್ಯಾಯಸೂತ್ರಗಳಲ್ಲಿಯೇ ಒಂದು ಆಕ್ಷೇಪ ಬರುತ್ತದೆ. ಹರಿವಿಗೆ ಅಡ್ಡಗಟ್ಟಿದರೂ ಹೊಳೆ ತುಂಬುತ್ತದಲ್ಲ, ಹಾಗಾದರೆ ಅನುಮಾನವನ್ನು ನಂಬುವುದು ಹೇಗೆ? ತಿಂಥಣಿಯ ಮೇಲ್ಗಡೆ ನಾರಾಯಣಪುರದಲ್ಲಿ 1982ರಲ್ಲಿ ಬಸವಸಾಗರ ಅಣೆಕಟ್ಟು ಮುಗಿದ ಮೇಲೆ ಈ ಪ್ರಶ್ನೆಗೆ ಹೊಸ ಬಲ ಬಂದಿದೆ. ಗೇಟು ತೆರೆದರೆ ಮಳೆಯಿಲ್ಲದ ತಿಂಗಳಲ್ಲೂ ನೀರು ಏರೀತು. ಭಾಷ್ಯಕಾರ ವಾತ್ಸ್ಯಾಯನನ ಉತ್ತರ ಸರಳವಾಗಿದೆ, ಆದರೆ ಆಳವಾಗಿದೆ. ನೀರು ತುಂಬಿದೆ ಎಂಬಷ್ಟೇ ಗುರುತಾಗದು. ಸೆಳವು, ನೊರೆ, ತೇಲಿ ಬರುವ ಎಲೆ, ಹಣ್ಣು, ಕಟ್ಟಿಗೆ ಇವೆಲ್ಲ ಕೂಡಿದ ತುಂಬುವಿಕೆಯೇ ಮಳೆಯ ಗುರುತು. ಎಡವಿದ್ದು ನೋಡಿದವನ ಕಣ್ಣು. ಅನುಮಾನದ ಮೇಲೆ ದೋಷ ಹೊರಿಸಬೇಕಾಗಿಲ್ಲ.

ಹೊಳೆಯ ಉದಾಹರಣೆಯನ್ನು ಇನ್ನೊಂದು ಕಡೆಯಿಂದ ನೋಡಿದವರು ಹದಿನಾಲ್ಕನೆಯ ಶತಮಾನದ ದ್ವೈತ ಆಚಾರ್ಯ ಜಯತೀರ್ಥರು. ಈಗಿನ ಯಾದಗಿರಿ ಜಿಲ್ಲೆಯ ಯರಗೋಳದ ಗುಹೆಯಲ್ಲಿ ಕೂತು ಅವರು ಟೀಕೆಗಳನ್ನು ಬರೆದರೆಂಬುದು ಪರಂಪರೆಯ ನಂಬಿಕೆ. ‘ಪ್ರಮಾಣಪದ್ಧತಿ’ಯಲ್ಲಿ ಅವರು ಎತ್ತಿ ಹಿಡಿಯುವ ಮಾತೆಂದರೆ, ಗುರುತೂ ಅದು ತೋರಿಸುವ ವಸ್ತುವೂ ಒಂದೇ ಜಾಗದಲ್ಲಿ ಇರಬೇಕೆಂಬ ನಿಯಮವಿಲ್ಲ. ಬೆಟ್ಟದ ಹೊಗೆ ಬೆಟ್ಟದ ಬೆಂಕಿಯನ್ನೇ ತೋರಿಸುತ್ತದೆ, ನಿಜ. ಹೊಳೆಯ ವಿಷಯದಲ್ಲಾದರೋ ತುಂಬಿದ್ದು ಕೆಳಗೆ, ಮಳೆ ಮೇಲೆ. ಗುರುತು ತನಗೆ ತಕ್ಕ ಜಾಗದಲ್ಲಿದ್ದರೆ ಸಾಕು.

ಹಳೆಯ ಸ್ಪೋರ್ಟ್ಸ್ ಕಾರಿನ ಕೆಳಗೆ ಬಿದ್ದ ಎಣ್ಣೆಯ ಕಲೆ ಈ ಮಾತಿಗೆ ಹೇಳಿ ಮಾಡಿಸಿದ ನಿದರ್ಶನ. 1962ರಿಂದ 1980ರವರೆಗೆ ಇಂಗ್ಲೆಂಡಿನ ಅಬಿಂಗ್ಡನ್‌ನಲ್ಲಿ ತಯಾರಾದ ಎಂಜಿಬಿ ಕಾರನ್ನೇ ತೆಗೆದುಕೊಳ್ಳಬಹುದು. ಇಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವಿನ ಬೆಲ್ ಹೌಸಿಂಗ್‌ನ ತಳದಲ್ಲಿ ಒಂದು ಸಣ್ಣ ತೂತು, ಅದರಿಂದ ಹನಿ. ನೋಡಿದ ಕೂಡಲೇ ಕ್ರ್ಯಾಂಕ್‌ನ ಹಿಂದಿನ ಆಯಿಲ್ ಸೀಲ್ ಹೋಗಿದೆ ಎಂದುಬಿಡುವುದು ರೂಢಿ. ಆ ಸೀಲ್ ಬದಲಿಸಬೇಕಾದರೆ ಇಂಜಿನ್ನನ್ನೇ ಇಳಿಸಬೇಕು. ಆದ್ದರಿಂದ ಇಲ್ಲಿ ಆತುರದ ಅನುಮಾನಕ್ಕೆ ಬೆಲೆ ತೆರಬೇಕಾಗುತ್ತದೆ.

ಆ ಹನಿಗೆ ಹಲವು ಮೂಲಗಳಿರಬಹುದು. ಎಣ್ಣೆ ಕೆಳಗಿಳಿಯುತ್ತದೆ, ಕಾರು ಓಡುವಾಗ ಗಾಳಿ ಅದನ್ನು ಹಿಂದಕ್ಕೂ ತಳ್ಳುತ್ತದೆ. ಮೇಲಿನ ರಾಕರ್ ಕವರ್‌ನ ಪ್ಯಾಕಿಂಗ್ ಸಡಿಲವಾದರೂ, ಮ್ಯಾನಿಫೋಲ್ಡ್‌ನ ಕೆಳಗೆ ಕಣ್ಣಿಗೆ ಬೀಳದಂತೆ ಕೂತ ಪಕ್ಕದ ಟ್ಯಾಪೆಟ್ ಮುಚ್ಚಳ ಜಿನುಗಿದರೂ ಕಲೆ ಬೀಳುವುದು ಹಿಂದೆಯೇ. ಗೇರ್‌ಬಾಕ್ಸಿನ ಮುಂದಿನ ಸೀಲ್ ಸೋರಿದರೆ ಹನಿಯುವುದು ಅದೇ ತೂತಿನಿಂದ. ಬೇರೆ ಎಷ್ಟೋ ಕಾರುಗಳಲ್ಲಿ ಗೇರ್ ಆಯಿಲ್‌ನ ಗಂಧಕದ ವಾಸನೆ ಗುಟ್ಟು ಬಿಟ್ಟುಕೊಡುತ್ತದೆ. ಎಂಜಿಬಿಯ ಗೇರ್‌ಬಾಕ್ಸಿಗೆ ಹಾಕುವುದು ಇಂಜಿನ್ನಿನ 20ಡಬ್ಲ್ಯು-50 ಎಣ್ಣೆಯನ್ನೇ, ಹಾಗಾಗಿ ಮೂಗು ಇಲ್ಲಿ ಸೋಲುತ್ತದೆ. ಮೊದಲ ವರ್ಷಗಳ, ಮೂರು ಬೇರಿಂಗ್‌ನ ಇಂಜಿನ್ನುಗಳ ಹಿಂಬದಿಯಲ್ಲಿ ರಬ್ಬರ್ ಸೀಲೇ ಇಲ್ಲ; ಕ್ರ್ಯಾಂಕ್ ತಿರುಗುವಾಗ ಅದರ ಮೇಲೆ ಕೊರೆದ ಸುರುಳಿ ಗೆರೆ ಎಣ್ಣೆಯನ್ನು ಒಳಕ್ಕೆ ದೂಡುತ್ತದೆ. ನಿಂತಾಗ ಒಂದೆರಡು ಹನಿ ಬಿದ್ದರೆ ಅದು ಆ ಇಂಜಿನ್ನಿನ ಸ್ವಭಾವ. ಅಷ್ಟೇ ಹನಿ ನಂತರದ ಇಂಜಿನ್ನಿನಲ್ಲಿ ರೋಗದ ಲಕ್ಷಣವಾದೀತು.

ಗುರುತನ್ನು ಹದಗೊಳಿಸುವ ಕೆಲಸ ಇಲ್ಲಿಂದ ಶುರುವಾಗುತ್ತದೆ. ಹಳೆಯ ಜಿಡ್ಡನ್ನೆಲ್ಲ ತೊಳೆದು ಒಣಗಿಸುವುದು ಮೊದಲು. ವರ್ಷಗಳ ಕೊಳೆಯ ಮೇಲೆ ಹೊಸ ಸೋರಿಕೆಯ ದಾರಿ ಕಾಣುವುದಿಲ್ಲ. ಮೇಲೆ ತೆಳ್ಳಗೆ ಪೌಡರ್ ಉದುರಿಸಿ ಇಂಜಿನ್ ಓಡಿಸಿದರೆ, ಎಲ್ಲಕ್ಕಿಂತ ಎತ್ತರದಲ್ಲಿ ಒದ್ದೆಯಾದ ಜಾಗವೇ ಮೂಲಕ್ಕೆ ಹತ್ತಿರ. ನೇರಳಾತೀತ ಬೆಳಕಿಗೆ ಹೊಳೆಯುವ ಬಣ್ಣವನ್ನು ಇಂಜಿನ್ ಎಣ್ಣೆಗೆ ಮಾತ್ರ ಬೆರೆಸಿ, ಗೇರ್‌ಬಾಕ್ಸನ್ನು ಹಾಗೆಯೇ ಬಿಟ್ಟರೆ ತೂತಿನ ಹನಿ ತನ್ನ ಮನೆ ಯಾವುದೆಂದು ತಾನೇ ಹೇಳುತ್ತದೆ. ಇದ್ದರೆ ಇರುವುದು, ಇಲ್ಲದಿದ್ದರೆ ಇಲ್ಲದಿರುವುದು ಎಂಬ ಅನ್ವಯ-ವ್ಯತಿರೇಕಗಳನ್ನು ಕೈಯಿಂದ ಮಾಡಿ ನೋಡುವ ಬಗೆ ಇದು. ವಾತ್ಸ್ಯಾಯನ ಹೊಳೆಯಲ್ಲಿ ನೊರೆ, ಎಲೆಗಳನ್ನು ಹುಡುಕಿದ್ದೂ ಇದಕ್ಕಾಗಿಯೇ.

ಸೀಲೇ ಸೋರುತ್ತಿದೆ ಎಂದು ಖಚಿತವಾದ ಮೇಲೂ ಒಂದು ತೊಡಕು ಉಳಿಯುತ್ತದೆ. ಬೆಂಕಿಯಿದ್ದಲ್ಲೆಲ್ಲ ಹೊಗೆಯಿದೆ ಎನ್ನುವವರಿಗೆ ನೈಯಾಯಿಕರು ಕಾದ ಕಬ್ಬಿಣದ ಉಂಡೆಯನ್ನು ತೋರಿಸುತ್ತಾರೆ: ಅಲ್ಲಿ ಬೆಂಕಿಯುಂಟು, ಹೊಗೆಯಿಲ್ಲ. ಹೊಗೆಗೆ ಹಸಿ ಸೌದೆಯೂ ಬೇಕು. ಹೀಗೆ ಮರೆಯಲ್ಲಿ ನಿಂತು ಕೆಲಸ ಮಾಡುವ ಷರತ್ತಿಗೆ ‘ಉಪಾಧಿ’ ಎಂದು ಹೆಸರು. ತಿಂಥಣಿಯ ಸಂತ ಮೌನೇಶ್ವರರನ್ನು ತಮ್ಮವರೆಂದು ಪೂಜಿಸುವ ವಿಶ್ವಕರ್ಮರ ಐದು ಕಸುಬುಗಳಲ್ಲಿ ಕಬ್ಬಿಣದ್ದೂ ಸೇರಿದೆ. ಕುಲುಮೆಯ ಮುಂದೆ ಕೂತವನು ಆ ಉಂಡೆಯನ್ನು ದಿನವೂ ಇಕ್ಕಳದಲ್ಲಿ ಹಿಡಿಯುತ್ತಾನೆ. ಶಾಸ್ತ್ರದ ಉದಾಹರಣೆ ಹುಟ್ಟಿದ್ದು ಇಂಥ ಕೈಗಳ ಅನುಭವದಿಂದ ಎಂದು ನಂಬಲು ಮನಸ್ಸಾಗುತ್ತದೆ. ಇಂಜಿನ್ನಿನಲ್ಲಿ ಹಸಿ ಸೌದೆಯ ಜಾಗದಲ್ಲಿರುವುದು ಒಳಗಿನ ಒತ್ತಡ. ಆ ಒತ್ತಡವನ್ನು ಹೊರಬಿಡುವ ಬ್ರೀದರ್ ಕಟ್ಟಿಕೊಂಡರೆ, ಇಲ್ಲವೇ ಪಿಸ್ಟನ್ ರಿಂಗ್ ಸವೆದು ಉರಿದ ಅನಿಲ ಕೆಳಗಿಳಿದರೆ, ಕ್ರ್ಯಾಂಕ್ ಚೇಂಬರ್‌ನಲ್ಲಿ ಒತ್ತಡ ಏರಿ ಚೆನ್ನಾಗಿರುವ ಸೀಲಿನಿಂದಲೂ ಎಣ್ಣೆ ಹೊರಬೀಳುತ್ತದೆ. ಬ್ರೀದರ್ ನೋಡದೆ ಸೀಲ್ ಹಾಕಿದರೆ ಹೊಸದೂ ಸೋರುತ್ತದೆ.

ಕಂಡುಕೊಂಡದ್ದು ಸರಿಯೆಂದು ತಿಳಿಯುವುದು ಹೇಗೆ ಎಂಬಲ್ಲಿ ದರ್ಶನಗಳು ಬೇರೆಯಾಗುತ್ತವೆ. ನ್ಯಾಯದ ಪ್ರಕಾರ ಜ್ಞಾನದ ಪ್ರಾಮಾಣ್ಯ ಹೊರಗಿನಿಂದ ತಿಳಿಯತಕ್ಕದ್ದು. ಅದನ್ನು ನಂಬಿ ಮಾಡಿದ ಕೆಲಸ ಫಲಿಸಿದರೆ ಅದು ನಿಜ. ದ್ವೈತದಲ್ಲಿ ಪ್ರಾಮಾಣ್ಯವನ್ನು ಒಳಗಿನ ಅರಿವಾದ ಸಾಕ್ಷಿಯೇ ಗ್ರಹಿಸುತ್ತದೆ, ಪರೀಕ್ಷೆ ಬೇಕಾಗುವುದು ಸಂಶಯ ಬಂದಾಗ ಮಾತ್ರ. ಕಾರಿನ ಕೆಳಗೆ ಸಂಶಯ ಇದ್ದೇ ಇರುವುದರಿಂದ ಎರಡೂ ಮತಗಳು ಪರೀಕ್ಷೆಯನ್ನು ಒಪ್ಪುತ್ತವೆ. ಆ ಪರೀಕ್ಷೆಯನ್ನೂ ಕೆಡಿಸಬಹುದು. ಇಂಜಿನ್ ಇಳಿಸಿದ್ದೇ ಆಯಿತೆಂದು ಸೀಲ್, ಟ್ಯಾಪೆಟ್ ಪ್ಯಾಕಿಂಗ್, ಬ್ರೀದರ್ ಪೈಪ್ ಮೂರನ್ನೂ ಒಟ್ಟಿಗೆ ಬದಲಿಸಿದರೆ ಮರುದಿನ ನೆಲ ಒಣಗಿರುತ್ತದೆ, ಆದರೆ ಸೋರಿದ್ದು ಯಾವುದೆಂದು ಆ ಒಣ ನೆಲ ಹೇಳುವುದಿಲ್ಲ.